ಪಾಲಿಶ್ ಕೆಳಗೆ ಕೊಳೆತ ಹಲಗೆ

ಕಾಫಿ ಲೋಟ ಹಿಡಿದು ಹೊರಗೆ ಕೂರಲು ಹೋದ ನಮ್ಮ ಅತ್ತೆಯ ಬಲಗಾಲು ಮರದ ಹಲಗೆ ಮುರಿದು ಮೊಣಕಾಲಿನವರೆಗೆ ಒಳಗಿಳಿಯಿತು. ಅವರ ಕೂಗು ಕೇಳಿ ಅಡುಗೆಮನೆಯಿಂದ ಓಡಿ ಬಂದೆ. ದಟ್ಟಗಳ್ಳಿಯ ನಮ್ಮ ಮನೆ ಮುಂದಿನ ಆ ಮರದ ಜಗಲಿಯನ್ನು ಹಿಂದಿನ ವಾರವಷ್ಟೇ ಕಂಟ್ರಾಕ್ಟರ್ ರಿಪೇರಿ ಮಾಡಿ ಹೋಗಿದ್ದ. ಕಾಲು ಬಿಡಿಸಿದರೆ ಚರ್ಮ ಸುಲಿದು ರಕ್ತ ಸುರಿಯುತ್ತಿತ್ತು. ಹಲಗೆಯ ಒಳಗೆಲ್ಲ ಕೊಳೆತು ಪುಡಿಪುಡಿಯಾಗಿತ್ತು. ಪುಣ್ಯಾತ್ಮ ಅದನ್ನು ಬದಲಾಯಿಸದೆ ಮೇಲೆ ಹೊಳೆಯುವ ಪಾಲಿಶ್ ಬಳಿದಿದ್ದ!

ಫೋನ್ ಮಾಡಿ ಕರೆಸಿದೆ. ಬಂದವನು ಗಾಯದ ಕಡೆ ತಿರುಗಿಯೂ ನೋಡದೆ, "ಅಮ್ಮೋರು ಸ್ವಲ್ಪ ದಪ್ಪ ಇದ್ದಾರಲ್ಲ, ಅದಕ್ಕೇ ಕಣ್ರೀ" ಎಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ, ಬ್ಯಾಂಡೇಜ್ ಸುತ್ತಿದ ಕಾಲು ಚಾಚಿ ಕೂತಿದ್ದ ಅತ್ತೆ ಪಕ್ಕದ ಹಲಗೆ ತೋರಿಸಿ, "ನೀನು ಸಣ್ಣಗಿದ್ದೀಯಲ್ಲಪ್ಪ, ಅದರ ಮೇಲೆ ನಿಂತ್ಕೋ ನೋಡೋಣ" ಅಂದರು. ಅವನ ನಗು ನಿಂತುಹೋಯಿತು. ಮೆಟ್ಟಿಲು ಬಿಟ್ಟು ಒಂದು ಹೆಜ್ಜೆಯೂ ಮುಂದಿಡಲಿಲ್ಲ.

ಜಗಲಿ ಕೀಳಿಸಿ ಕಲ್ಲುಚಪ್ಪಡಿ ಹಾಕಿಸಿದ್ದೇವೆ. ಅತ್ತೆಯ ಗಾಯವೂ ಮಾಗಿದೆ. ನನ್ನ ಕೋಪ ಮಾತ್ರ ಇಳಿದಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ತಾನೇ ಕಾಲಿಡಲು ಹೆದರುವ ಜಾಗದಲ್ಲಿ ನಮ್ಮನ್ನು ಓಡಾಡಲು ಬಿಟ್ಟುಹೋಗಿದ್ದನಲ್ಲ!