ಎಸೆಯದೆ ತಿರುಗಿ ಹೋದವರು

ಲಕ್ವಾ ಹೊಡೆದ ಮೇಲೆ ನಮ್ಮ ಮಾವನವರ ಎಡಗೈಯೊಂದೇ ಅವರ ಮಾತು ಕೇಳುತ್ತದೆ. ಆ ಕೈಯಲ್ಲಿ ಟೀವಿಯ ರಿಮೋಟ್ ಇರುತ್ತದೆ. ಬೀದರಿನ ಮಿಷನ್ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ಆರಡಿಗೂ ಮೇಲಿನ ಆಳು, ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಅಮೆರಿಕದ ಪಂದ್ಯಗಳು ನಮ್ಮಲ್ಲಿ ಬೆಳಗಿನ ಹೊತ್ತು ಬರುತ್ತವೆ. ನಾನು ಪ್ರಾರ್ಥನೆ ಮುಗಿಸಿ ಕಣ್ಣು ಬಿಡುವುದರೊಳಗೆ ಟೀವಿ ಶುರುವಾಗಿರುತ್ತದೆ.

ನನ್ನ ಗಂಡ ಔರಾದಿನ ಹಾಸ್ಟೆಲೊಂದರಲ್ಲಿ ವಾರ್ಡನ್. ಶನಿವಾರ ಸಂಜೆ ಬಂದು ಸೋಮವಾರ ಮುಂಜಾನೆ ಹೋಗುತ್ತಾರೆ. ಉಳಿದಂತೆ ಮನೆಯಲ್ಲಿ ನಾವಿಬ್ಬರೇ. ಮಾವನವರು ಕುರ್ಚಿಯಲ್ಲಿ ಬಲಕ್ಕೆ ಜಾರುತ್ತಾರೆ, ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಹೀಗಾಗಿ ಸೊಪ್ಪು ಸೋಸುವುದು, ಅಕ್ಕಿ ಆರಿಸುವುದು ಎಲ್ಲ ಅವರ ಕಾಲ ಬಳಿಯೇ. ಎರಡು ವರ್ಷದಿಂದ ನಾನು ಚರ್ಚಿನ ಗಂಟೆ ಕೇಳಿದ್ದೇನೆ, ಚರ್ಚಿನ ಬಾಗಿಲು ನೋಡಿಲ್ಲ. ಮಾವನವರ ಮಾತು ಹೋಗಲಿಲ್ಲ, ಅದು ದೇವರ ಕೃಪೆ. ನಲ್ಲಿ ಮನೆಯೊಳಗೇ ಇದೆ, ಅದೂ ಕೃಪೆಯೇ. ಕಮಠಾಣದಿಂದ ತರಕಾರಿ ತರುವ ಹೆಂಗಸು ಹೊಸ್ತಿಲ ಮೇಲೆ ಎರಡು ನಿಮಿಷ ಕೂತು ಮಾತಾಡಿ ಹೋಗುತ್ತಾಳೆ. ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಮಾವನವರಿಗೆ ಬುಟ್ಟಿಗೆ ಚೆಂಡು ಹಾಕುವವರ ಮೇಲೆ ಅಷ್ಟು ಮೋಹವಿಲ್ಲ. ತಡೆಯುವವರು ಬೇಕು. ಏಳಡಿಯ ಆ ಗಂಡಸರನ್ನು ನಾನೂ ಗುರುತು ಹಿಡಿಯುವಂತಾದೆ. ಜೋಳದ ದಂಟಿನಂಥ ಹುಡುಗನೊಬ್ಬ ನಿಂತಲ್ಲಿಂದಲೇ ಕೈಚಾಚಿ ಚೆಂಡನ್ನು ಗಾಳಿಯಲ್ಲೇ ನಿಲ್ಲಿಸುತ್ತಾನೆ. ಇನ್ನೊಬ್ಬ ಹಿಂದಿನಿಂದ ಓಡಿಬಂದು, ಇನ್ನೇನು ಬಿತ್ತು ಎಂಬ ಚೆಂಡನ್ನು ಹಲಗೆಗೆ ಬಡಿದುಬಿಡುತ್ತಾನೆ. ಸಪ್ಪಳಕ್ಕೆ ನನ್ನ ಕೈಯ ಮೊರ ಅಲುಗುತ್ತದೆ.

ಒಂದು ದಿನ ದಾಂಡಿಗನಂಥ ಆಟಗಾರನೊಬ್ಬ ಚೆಂಡು ಹಿಡಿದು ನುಗ್ಗಿದವನು, ಬುಟ್ಟಿಯ ಕೆಳಗೆ ನಿಂತಿದ್ದ ಎತ್ತರದವನನ್ನು ಕಂಡು ಎಸೆಯದೆ ಹೊರಗೆ ತಿರುಗಿ ಹೋದ.

"ನೋಡಿದೇನವಾ?" ಎಂದರು ಮಾವನವರು. "ಎಷ್ಟು ಚೆಂಡ ತಡದ ಅಂತ ಬರಕೋತಾರ. ಹೆದರಿ ವಾಪಸ್ ಹೋದವ್ರನ್ನ ಯಾರೂ ಬರಕೋಳಂಗಿಲ್ಲ. ಖರೇ ತಾಕತ್ತು ಅದು."

ನಾನು ಮೊರ ಕೆಳಗಿಟ್ಟೆ. ಸಂತಪುರದಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವನಿಗೆ ನೆನಪು ಹೋಗುತ್ತಿತ್ತು. ಔರಾದಿಗೆ ಹೋಗುವ ದಾರಿಯಲ್ಲೇ ಊರು, ನನ್ನ ಗಂಡ ಇಳಿದು ನೋಡಿ ಬರುತ್ತಿದ್ದರು. "ಈ ಸಲ ನಾ ಯಾರು ಅಂತ ಕೇಳಿದ್ರು" ಎಂದು ಹೋದ ಶನಿವಾರ ಹೇಳಿದ್ದರು. ನನ್ನ ಮುಖ ಮರೆಯುವುದರೊಳಗೆ ಒಂದು ಸಲ ಹೋಗಬೇಕಿತ್ತು. ಭಾನುವಾರ ನನ್ನ ಗಂಡ ಮನೆಯಲ್ಲೇ ಇದ್ದರೂ ಮಾವನವರಿಗೆ ಅವರ ಕೈ ಆಗಿಬರುವುದಿಲ್ಲ. "ಅಂವ ನನ್ನ ಕೆಡವ್ತಾನ" ಎಂದು, ಹೋಗಿಬರುತ್ತೇನೆಂದ ನನ್ನ ಮಾತನ್ನು ಎರಡು ಸಲ ತಳ್ಳಿಹಾಕಿದ್ದರು. ಬಾಯಿಗೆ ಬಂದ ಮಾತನ್ನು ನುಂಗಿ ನಾನೇ ಅಡುಗೆಮನೆಗೆ ಹೋದದ್ದು ಎಷ್ಟು ಸಲವೋ, ಅದು ಅವರಿಗೆ ಗೊತ್ತೇ ಇಲ್ಲ.

"ಹಂಥವನ ಮುಂದ ಚೆಂಡ ಹಾಕೂದು ಹ್ಯಾಂಗ್ರಿ ಮಾವಾರ?" ಎಂದು ಕೇಳಿದೆ.

ಅವರಿಗೆ ಖುಷಿಯಾಯಿತು. ಎಡಗೈ ಎತ್ತಿ ತೋರಿಸಿದರು. "ಹಾಕಿದಂಗ ಮಾಡಬೇಕು, ಹಾಕಬಾರದು. ಅಂವ ಜಿಗೀತಾನ. ಜಿಗಿದಾಂವ ಕೆಳಗ ಬರೋತನ ಏನೂ ಮಾಡಾಕಾಗಲ್ಲ. ಅಷ್ಟರಾಗ ನಿನ್ನ ಕೆಲಸ ಮುಗೀಬೇಕು."

ಎರಡು ದಿನ ಪ್ರಾರ್ಥನೆಯಲ್ಲಿ ಕೇಳಿದೆ, ಇದು ಮೋಸವಾದೀತೇ ಎಂದು. ಉತ್ತರ ಬರಲಿಲ್ಲ. ಬೇಡ ಎಂದೂ ಬರಲಿಲ್ಲ.

ಶುಕ್ರವಾರ ಗಂಜಿ ಕುಡಿಸುತ್ತ ಹೇಳಿದೆ: "ಮಾವಾರ, ಭಾಲ್ಕಿಯಿಂದ ಅಕ್ಕಾರನ್ನ ಕರಸ್ತೇನ್ರಿ. ಎಂಟು ದಿನ ನಿಮ್ಮ ಹತ್ರ ಇರ್ತಾರ."

ಅಕ್ಕ ಎಂದರೆ ಅವರ ಮಗಳು, ನನ್ನ ಹಿರಿಯ ನಾದಿನಿ. ಬಂದರೆ ಟೀವಿಯ ವೈರು ಕಿತ್ತಿಡುತ್ತಾಳೆ, ಬೆಳಿಗ್ಗೆ ಸಂಜೆ ಒಂದೊಂದು ತಾಸು ಜೋರಾಗಿ ಪ್ರಾರ್ಥನೆ ಮಾಡಿಸುತ್ತಾಳೆ. ಸುಳ್ಳು ಹೇಳಲಿಲ್ಲ. ಹೂಂ ಅಂದಿದ್ದರೆ ಕರೆಸುತ್ತಿದ್ದೆ.

ಮಾವನವರ ಗಲ್ಲದಿಂದ ಗಂಜಿ ಇಳಿಯಿತು. "ಬಿಲ್ಕುಲ್ ಬ್ಯಾಡ! ಆಕಿ ಬರೂದು ಯಾಕ? ಆಕೀಗಿಂತ ನನ್ನ ಮಗ ಸಾವಿರ ಪಾಲು ಛಲೋ ನೋಡ್ಕೋತಾನ!"

"ಹಂಗಾದ್ರ ಈ ಐತವಾರ ಅವರೇ ನೋಡ್ಕೊಳ್ಳಲ್ರಿ. ನಾ ಸಂತಪುರಕ್ಕ ಹೋಗಿ ಸಂಜಿಗೆ ಬರ್ತೇನಿ."

ಚಮಚ ನನ್ನ ಕೈಯಲ್ಲೇ ಉಳಿಯಿತು. ಅವರು ನನ್ನನ್ನು ದಿಟ್ಟಿಸಿದರು. ಶಾಲೆಯ ಮಕ್ಕಳು ಹೆದರುತ್ತಿದ್ದ ನೋಟ ಅದು. ಆಮೇಲೆ ಬಾಯಿಯ ಒಂದೇ ಬದಿ ನಕ್ಕಿತು.

"ಕಲಿಸಿದ್ದು ನಂದೇ ತಪ್ಪು. ಆರರ ಒಳಗ ಬಾ."

ಭಾನುವಾರ ಮೊದಲ ಬಸ್ಸಿಗೆ ಹೊರಟೆ. ತೊಗರಿ ಹೊಲ, ಕುರಿ ಹಿಂಡು, ತೆರೆದ ಬಯಲು. ಅಷ್ಟು ಬಯಲು ಕಂಡು ಕಣ್ಣು ನೋಯಿತು. ಆದರೂ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ. ಮಾವನವರು ಬಲಕ್ಕೆ ಜಾರಿದರೋ, ಇವರು ದಿಂಬು ಸರಿಯಾಗಿ ಇಟ್ಟರೋ ಎಂಬುದೇ ತಲೆಯಲ್ಲಿ. ಬಸ್ಸಿನ ಕಂಬಿ ಹಿಡಿದ ಕೈ ಅವರ ರಟ್ಟೆ ಹಿಡಿದ ಹಾಗೆಯೇ ಬಿಗಿಯಾಗಿತ್ತು.

ಅವ್ವ ಅಂಗಳದ ಬಿಸಿಲಿನಲ್ಲಿ ಕೂತಿದ್ದಳು. ಕಾಲು ಮುಟ್ಟಿದೆ. "ಯಾರವಾ ನೀ?" ಎಂದಳು. ಹೇಳಿದೆ. ತಲೆ ಆಡಿಸಿದಳು, ನಂಬಲಿಲ್ಲ. ತಲೆ ಬಾಚಿದೆ, ಉಗುರು ತೆಗೆದೆ, ತಮ್ಮನ ಹೆಂಡತಿ ಮಾಡಿದ ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ತಿನ್ನಿಸಿದೆ. ಪರವೂರಿನ ನರ್ಸಮ್ಮ ಬಂದಿದ್ದಾಳೆಂದು ಪಕ್ಕದ ಮನೆಯವಳಿಗೆ ಅವ್ವ ಹೇಳಿದಳು. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದೆ.

ಮೂರು ಗಂಟೆಯ ಸುಮಾರಿಗೆ ಬಿಸಿಲು ಗೋಡೆಯ ಮೇಲೇರಿತು. ಅವ್ವ ಇದ್ದಕ್ಕಿದ್ದಂತೆ ನನ್ನ ಮೊಣಕೈ ತಟ್ಟಿದಳು.

"ಏಳು, ಏಳು. ಬಸ್ ತಪ್ಪತದ. ನಿನ್ನ ಮಾವಗ ಚಾ ಯಾರ ಕೊಡ್ತಾರ? ಬರೇ ಇದೇ ಆತಲ್ಲ ನಿಂದು, ಬಂದಾಕಿ ಒಂದಿನಾನೂ ನಿಂದ್ರಂಗಿಲ್ಲ."

ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಅವ್ವ ಬೈಯುತ್ತಲೇ ಇದ್ದಳು. ಗೇಟಿನವರೆಗೂ ಕೇಳಿಸಿತು.