ಕನ್ನಡಿಯಲ್ಲಿ ಕಲಿತ ಅಕ್ಷರ

ಆರ್ವಿಡ್ ಸಾರೆಲಾ ಮಾತಿನ ಮನುಷ್ಯನಲ್ಲ. ಉತ್ತರದ ಹಿಮಸೀಮೆಯಲ್ಲಿ, ಸರೋವರದ ದಂಡೆಯ ಟಮರಾಕ್ ಬೇ ಎಂಬ ಊರಿನಲ್ಲಿ ಅವನನ್ನು ಬಲ್ಲವರೆಲ್ಲ ಮೊದಲು ಹೇಳುತ್ತಿದ್ದುದು ಇದನ್ನೇ. ಕೌಂಟಿಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಊರು ಏಳುವ ಮೊದಲೇ ಎದ್ದು, ಒಬ್ಬನೇ ಲಾರಿಯಲ್ಲಿ ಕೂತು, ದಾರಿ ಯಾವುದು ಸರೋವರದ ದಂಡೆ ಯಾವುದು ಎಂದು ತಿಳಿಯದ ಬಿಳುಪಿನಲ್ಲಿ ಗಾಡಿ ನಡೆಸುವ ಕೆಲಸ. ಅಲ್ಲಿ ಮಾತಿಗೆ ಯಾರಿದ್ದರು?

ಮನೆಯಲ್ಲಿ ಮಾತೆಲ್ಲ ಹೆಂಡತಿ ಎಲ್ಮಾಳ ಪಾಲಿಗೆ ಬಂದಿತ್ತು. ಮದುವೆಗೆ ಮೊದಲು ಅವಳು ಊರಿನ ವಾರಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದಳು. ಸೀಸದ ಮೊಳೆಗಳ ಕಾಲ ಮುಗಿದ ಮೇಲೆ ಶಾಲೆಯ ಅಡುಗೆಮನೆಗೆ ಸೇರಿದಳು. ಅವರಿಗೆ ಮಕ್ಕಳಾಗಲಿಲ್ಲ. "ನಮ್ಮನೇಲಿ ಇಬ್ರಿಗೆ ಆಗೋಷ್ಟು ಮಾತು ನಾನಾಡ್ತೀನಿ, ಇಬ್ರಿಗೆ ಆಗೋಷ್ಟು ಊಟ ಅವನು ಮಾಡ್ತಾನೆ" ಎಂದು ಎಲ್ಮಾ ಚರ್ಚಿನ ಕಾಫಿ ಕೂಟದಲ್ಲಿ ಹೇಳಿ ಎಲ್ಲರನ್ನೂ ನಗಿಸುವಳು. ಆರ್ವಿಡ್ ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದುತ್ತ ತಾನೂ ನಗುವನು.

ಆ ಮಾತುಗಾರ್ತಿಗೇ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ತೊಡರಿತು. ಕಿವಿಯಂತೂ ಮೊದಲೇ ಮಂದವಾಗಿತ್ತು. ಆರ್ವಿಡ್ ಕೆಲವು ತಿಂಗಳು ಮನೆಯಲ್ಲೇ ನೋಡಿಕೊಂಡ. ಒಂದು ದಿನ ಸ್ನಾನದ ಮನೆಯಲ್ಲಿ ಅವಳನ್ನು ಎತ್ತಲು ಹೋಗಿ ಇಬ್ಬರೂ ಬಿದ್ದರು. ನೆರವಿಗೆ ಜನ ಬರುವ ತನಕ ತಣ್ಣನೆಯ ನೆಲದ ಮೇಲೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದಾದ ಮೇಲೆ ಬೇರೆ ದಾರಿಯಿರಲಿಲ್ಲ. ಊರಾಚೆಯ ಆರೈಕೆ ಮನೆಗೆ ಸೇರಿಸಿ, "ಸ್ವಲ್ಪ ಚೇತರಿಸ್ಕೊ, ಮನೆಗೆ ಕರ್ಕೊಂಡ್ಹೋಗ್ತೀನಿ" ಎಂದ. ದಿನವೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಅಷ್ಟರಲ್ಲಿ ಲೋಕಕ್ಕೆಲ್ಲ ಬಂದ ಸೋಂಕು ಅಲ್ಲಿಗೂ ಬಂತು. ಆರೈಕೆ ಮನೆಯ ಬಾಗಿಲು ಹೊರಗಿನವರಿಗೆ ಮುಚ್ಚಿತು.

ಫೋನಿನಲ್ಲಿ ಅವಳಿಗೆ ಕೇಳಿಸದು. ಕಿವಿಯ ಯಂತ್ರ ಬಟ್ಟೆಯ ಜೊತೆ ಒಗೆಯಲು ಹೋಗಿ ಹಾಳಾಗಿತ್ತು. ಅವಳ ಕೋಣೆ ಮಹಡಿಯ ಮೇಲೆ; ಕಿಟಕಿ ಕಾರು ನಿಲ್ಲಿಸುವ ಬಯಲಿನ ಕಡೆಗಿತ್ತು. ಬೇಸಿಗೆಯಲ್ಲಿ ಆರ್ವಿಡ್ ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಎತ್ತಿ ಹಿಡಿಯುತ್ತಿದ್ದ, ಅವಳು ಎಡಗೈ ಬೀಸುತ್ತಿದ್ದಳು. ಚಳಿಗಾಲ ಬಂದಾಗ ಅದೂ ನಿಂತಿತು. ಹಗಲೆಲ್ಲ ಮಂಪರಿನಲ್ಲಿರುತ್ತಿದ್ದ ಎಲ್ಮಾಗೆ ಚೆನ್ನಾಗಿ ಎಚ್ಚರವಾಗುತ್ತಿದ್ದುದು ಸಂಜೆಯ ಊಟದ ಹೊತ್ತಿಗೆ. ಆ ಹೊತ್ತಿಗೆ ಆಗಲೇ ಕತ್ತಲು. ಕಾರಿನ ದೀಪ ಹಚ್ಚಿ ರಟ್ಟು ಹಿಡಿದು ನೋಡಿದ. ಉಳಿದ ಕೋಣೆಯವರು ಕಣ್ಣಿಗೆ ಹೊಡೆಯುತ್ತದೆಂದು ದೂರಿದರು.

ಎಲ್ಮಾ ಎಂದೋ ತಂದಿಟ್ಟಿದ್ದ ಪುಸ್ತಕಗಳನ್ನು ಹಿಂದಿರುಗಿಸಲು ಲೈಬ್ರರಿಗೆ ಹೋದಾಗ ಬಾಗಿಲ ಹೊರಗಿನ ಮೇಜಿನ ಮೇಲೆ ಮಕ್ಕಳಿಗಾಗಿ ಜೋಡಿಸಿಟ್ಟ ಕಾಗದದ ಚೀಲಗಳು ಕಂಡವು. ಮನೆಯಲ್ಲೇ ಕೂತ ಮಕ್ಕಳಿಗೆ ಹೊತ್ತು ಕಳೆಯಲು ಕೊಟ್ಟ ಎಲೆಕ್ಟ್ರಾನಿಕ್ಸ್ ಕಿಟ್ಟು. ಚೀಲದ ಮೇಲಿನ ಚಿತ್ರದಲ್ಲಿ ಒಬ್ಬ ಹುಡುಗಿ ಕತ್ತಲಲ್ಲಿ ಪಟ್ಟಿಯೊಂದನ್ನು ಬೀಸುತ್ತಿದ್ದಳು. ಅವಳ ಮುಂದೆ ಗಾಳಿಯಲ್ಲಿ ಕೆಂಪು ಬೆಳಕಿನ ಅಕ್ಷರಗಳು ನಿಂತಿದ್ದವು. ಆರ್ವಿಡ್ ಆ ಚಿತ್ರ ನೋಡುತ್ತ ಚಳಿಯಲ್ಲಿ ಬಹಳ ಹೊತ್ತು ನಿಂತ. ಕೊನೆಗೆ ಒಂದು ಚೀಲವನ್ನು ಕೋಟಿನೊಳಗೆ ಸೇರಿಸಿಕೊಂಡು ಕಳ್ಳನಂತೆ ಕಾರಿಗೆ ನಡೆದ.

ಪಕ್ಕದ ಮನೆಯ ಲಿಯೊ ಟ್ರುಡೆಲ್ ಟೆಲಿಫೋನ್ ತಂತಿ ಕೆಲಸದಲ್ಲಿದ್ದವನು. ತಂತಿ ಬೆಸೆಯುವ ಐರನ್ ಅವನದೇ, ಗ್ಯಾರೇಜೂ ಅವನದೇ. ಮುಖಕ್ಕೆ ಮಾಸ್ಕು ಕಟ್ಟಿ, ಗ್ಯಾರೇಜಿನ ಬಾಗಿಲು ತೆರೆದಿಟ್ಟು, ಇಬ್ಬರೂ ಮೇಜಿನ ಆಚೀಚೆ ತುದಿಯಲ್ಲಿ ಕೂತರು.

"ಲೋ ಆರ್ವಿಡ್, ಇದು ಸ್ಕೂಲ್ ಹುಡುಗ್ರು ಆಡೋ ಸಾಮಾನು ಕಣೋ."

"ಸುಮ್ನೆ ಐರನ್ ಕಾಯ್ಸು."

"ಕಾಯ್ಸ್ತೀನಿ. ನಿನ್ ಬೆರಳು ನೋಡು, ಒಂದೊಂದು ಸಾಸೇಜ್ ಇದ್ದಂಗಿದೆ. ನಾನೇ ಹಾಕ್ಕೊಡ್ತೀನಿ ಬಿಡು."

"ಬೇಡ. ನಾನೇ ಹಾಕ್ಬೇಕು."

ಹಾಕಿದ. ಬೆರಳು ಸುಟ್ಟುಕೊಂಡ. ಅಕ್ಕಿಕಾಳಿನಂಥ ಬಿಡಿಭಾಗವೊಂದು ನೆಲಕ್ಕೆ ಬಿದ್ದಾಗ ಮೊಣಕಾಲೂರಿ ಹುಡುಕಿದ. ಪುಟ್ಟ ಬಲ್ಬಿನ ಎರಡು ಕಾಲುಗಳಲ್ಲಿ ಉದ್ದದ್ದು ಒಂದು ಕಡೆ, ಗಿಡ್ಡದ್ದು ಇನ್ನೊಂದು ಕಡೆ ಹೋಗಬೇಕು. ಒಂದನ್ನು ತಿರುಗಾಮುರುಗ ಹಾಕಿದ್ದರಿಂದ ಸಾಲಿನ ನಡುವಿನ ದೀಪ ಹತ್ತಲಿಲ್ಲ. ಬೆಸುಗೆ ಕರಗಿಸಿ ಮತ್ತೆ ಹಾಕಿದ. ಎಲ್ಲ ಸರಿಯಾದರೂ ಅಕ್ಷರ ಅಂಗೈಯಷ್ಟೇ. ಮಹಡಿಗೆ ಕಾಣುವುದೆಲ್ಲಿ ಬಂತು? ಲಿಯೊ ಒಳಗೆ ಹೋಗಿ ಹಳೆಯ ಹಾಕಿ ಕೋಲು ತಂದ. ದೀಪಗಳಿಗೆ ಉದ್ದುದ್ದ ತಂತಿ ಬೆಸೆದು, ಕೋಲಿನುದ್ದಕ್ಕೂ ದೂರದೂರ ಕೂರಿಸಿ ಟೇಪು ಸುತ್ತಿದರು. ಕಿಟ್ಟಿನ ಪುಟ್ಟ ಬೋರ್ಡಿನ ಗುಂಡಿ ಒತ್ತಿ ಪದ ತುಂಬಿಸಿ, ಕತ್ತಲಲ್ಲಿ ಕೋಲು ಬೀಸಿದರೆ ದೀಪಗಳು ಸರಸರನೆ ಹತ್ತಿ ಆರಿ ಗಾಳಿಯಲ್ಲಿ ಅಕ್ಷರ ಮೂಡಬೇಕು. ಎರಡು ಮೂರು ಪದ ಮಾತ್ರ ಅದರಲ್ಲಿ ಹಿಡಿಯುತ್ತಿತ್ತು.

"ಈ ವಯಸ್ಸಲ್ಲಿ ಹಾಕಿ ಟೀಮಿಗೆ ಸೇರ್ತಿದೀಯ" ಎಂದ ಲಿಯೊ. "ಆ ಆಟದಲ್ಲಿ ಉದುರೋ ಹಲ್ಲಂತೂ ನಿಂಗೆ ಆಗ್ಲೇ ಹೋಗಿದೆ, ಅರ್ಧ ಕೆಲಸ ಆಯ್ತು."

ಅಭ್ಯಾಸಕ್ಕೆ ಎದುರಿಗೆ ನಿಂತು ನೋಡುವವರು ಬೇಕಿತ್ತು. ಆದರೆ ಏನು ಬರೆದಿದ್ದೇನೆಂದು ಲಿಯೊ ನೋಡುವುದು ಆರ್ವಿಡ್‌ಗೆ ಬೇಡವಾಗಿತ್ತು. ಮಲಗುವ ಕೋಣೆಯ ಪರದೆ ಎಳೆದು, ದೀಪವಾರಿಸಿ, ಎಲ್ಮಾಳ ನಿಲುಗನ್ನಡಿಯ ಮುಂದೆ ನಿಂತು ಬೀಸಿದ. ಕಿಟ್ಟಿನ ಸೂಚನೆಯ ಹಾಳೆಯಲ್ಲಿ ಹೇಳಿದಂತೆ ಬಲದಿಂದ ಎಡಕ್ಕೆ ಬೀಸಿದರೆ ಅಕ್ಷರ ಉಲ್ಟಾ ಬಂತು. ಹಾಳೆಯೇ ತಪ್ಪೆಂದುಕೊಂಡು ಎಡದಿಂದ ಬಲಕ್ಕೆ ಬೀಸಿದ. 'ಎಲ್ಮಾ, ನಾನಿದ್ದೇನೆ' ಎಂಬ ಮಾತು ಕನ್ನಡಿಯಲ್ಲಿ ಕೆಂಪಗೆ, ನೆಟ್ಟಗೆ ಮೂಡಿ ಮಾಯವಾಯಿತು. ಭುಜ ಸೋಲುವವರೆಗೂ ಬೀಸಿದ.

ಮರುಸಂಜೆ ಆರೈಕೆ ಮನೆಯ ಬಯಲಿನ ಹಿಮದಲ್ಲಿ ನಿಂತು ಕೋಲು ಬೀಸಿದ. ಕಿಟಕಿಯಲ್ಲಿ ಎಲ್ಮಾಳ ಗಾಲಿಕುರ್ಚಿ, ಹಿಂದೆ ಆರೈಕೆಯ ಹುಡುಗಿ ಕೊರಿನ್. ಎಲ್ಮಾ ಅಲುಗಲಿಲ್ಲ, ಕೈ ಬೀಸಲಿಲ್ಲ. ಗಾಜಿಗೆ ಮುಖವಿಟ್ಟು ನೋಡುತ್ತಲೇ ಇದ್ದಳು. ಆರ್ವಿಡ್ ಸೋತು ಮನೆಗೆ ಬಂದ.

ಬೆಳಿಗ್ಗೆ ಕೊರಿನ್ ಫೋನ್ ಮಾಡಿದಳು. "ಸಾರೆಲಾ ಸರ್, ನಿನ್ನೆ ಅದೇನು ಬರೆದ್ರಿ? ನಂಗೊಂದು ಅಕ್ಷರಾನೂ ಗೊತ್ತಾಗ್ಲಿಲ್ಲ. ಎಲ್ಲಾ ಹಿಂದುಮುಂದಾಗಿತ್ತು."

ಕನ್ನಡಿಯಲ್ಲಿ ನೆಟ್ಟಗೆ ಕಂಡದ್ದು ಎದುರಿನವರಿಗೆ ಉಲ್ಟಾ ಎಂದು ಆರ್ವಿಡ್‌ಗೆ ಆಗ ಹೊಳೆಯಿತು. ಕನ್ನಡಿ! ಎದುರಿಗೊಬ್ಬ ಮನುಷ್ಯ ನಿಂತಿದ್ದರೆ ಮೊದಲ ದಿನವೇ ಹೇಳುತ್ತಿದ್ದ.

"ಆದ್ರೆ ಎಲ್ಮಾ ಅಮ್ಮ ಓದಿದ್ರು ಸರ್!" ಎಂದಳು ಕೊರಿನ್. "ನೀವು ಹೋದ್ಮೇಲೆ ಎಡಗೈಯಲ್ಲಿ ಬರ್ದು ತೋರ್ಸಿದ್ರು. 'ಎಲ್ಮಾ, ನಾನಿದ್ದೇನೆ' ಅಂತ. ಹೌದಾ? ಅದರ ಕೆಳಗೆ ಇನ್ನೊಂದೇನೋ ಬರ್ದಿದಾರೆ, 'ಅಚ್ಚುಕೂಟದ ಹುಡ್ಗಿಗೆ ಅಚ್ಚುಕೂಟದ ಅಕ್ಷರ' ಅಂತೆ. ನಗ್ತಾನೇ ಇದ್ರು ಸರ್. ಅವ್ರು ನಕ್ಕಿದ್ದು ನಾನು ಅಲ್ಲೀವರ್ಗೂ ನೋಡಿದ್ದೇ ಇರ್ಲಿಲ್ಲ."

ಸೀಸದ ಮೊಳೆಯ ಮೇಲೆ ಅಕ್ಷರ ಹಿಂದುಮುಂದಾಗಿಯೇ ಇರುತ್ತದೆ. ಅದನ್ನು ಸರಾಗವಾಗಿ ಓದುವುದೇ ಹರೆಯದಲ್ಲಿ ಅವಳ ಹೊಟ್ಟೆಪಾಡಾಗಿತ್ತು. ಆರ್ವಿಡ್ ಫೋನಿಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಒಬ್ಬನೇ ಅತ್ತ.

ವಿಷಯ ಕೇಳಿ ಲಿಯೊ ಬಿದ್ದುಬಿದ್ದು ನಕ್ಕ. "ಲೋ ಬೆಪ್ಪೆ! ಬೀಸೋ ಕಡೆ ಬದಲಾಯ್ಸು, ಸರಿಹೋಗತ್ತೆ."

"ಬದಲಾಯ್ಸಲ್ಲ."

"ಯಾಕೋ?"

"ಅವಳಿಗೆ ಓದೋಕೆ ಬರತ್ತಲ್ಲ. ಬೇರೆಯೋರಿಗ್ಯಾಕೆ?"

ಅಂದಿನಿಂದ ಆರ್ವಿಡ್ ಬೇರೆಯೇ ಮನುಷ್ಯನಾದ. ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿಯಲೂ ನಾಚುತ್ತಿದ್ದವನು ಕಿಟಕಿಗಳ ಸಾಲಿನ ಮುಂದೆ ನಿಂತು, ಬೇರೆ ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ, ಜೀವಮಾನದಲ್ಲಿ ಬಾಯಿಬಿಟ್ಟು ಹೇಳದ್ದನ್ನೆಲ್ಲ ಬರೆಯತೊಡಗಿದ. 'ಹಾಸಿಗೆ ತಣ್ಣಗಿದೆ' ಎಂದು ಬರೆದ. 'ನೀಲಿ ಉಡುಪಿನವಳೇ' ಎಂದು ಬರೆದ. ಅವಳನ್ನು ಮೊದಲು ಕಂಡಾಗ ಅವಳು ನೀಲಿ ಉಟ್ಟಿದ್ದಳು. ಎಲ್ಮಾ ಎಡಗೈಯಿಂದ ಬಾಯಿ ಮುಚ್ಚಿಕೊಂಡು ನಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಬೇರೆ ಕೋಣೆಗಳ ಮುದುಕರು ಹಬ್ಬದ ದೀಪ ನೋಡುವಂತೆ ನೋಡುತ್ತಿದ್ದರು.

ಕ್ರಿಸ್ಮಸ್ ಹತ್ತಿರವಾದಾಗ ಎಲ್ಮಾ ಒಂದು ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದಳು. ಒಳಗಿನ ಬೆಳಕಿಗೆ ಎಡಗೈಯ ಸೊಟ್ಟ ಅಕ್ಷರ ಎದ್ದು ಕಂಡಿತು: 'ಮನೆಗೆ ಯಾವಾಗ?'

ಆರ್ವಿಡ್‌ಗೆ ಉತ್ತರ ಗೊತ್ತಿತ್ತು. ಅವಳು ಮನೆಗೆ ಬರುವುದಿಲ್ಲವೆಂದು ಡಾಕ್ಟರು ಶರತ್ಕಾಲದಲ್ಲೇ ಹೇಳಿದ್ದರು. ಕೈಗವಸು ಕಳಚಿ, ಮರಗಟ್ಟುವ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ಕೋಲೆತ್ತಿ ಬೀಸಿದ. 'ಬೇಗ.' ಎಲ್ಮಾ ತಲೆಯಾಡಿಸಿದಳು. ಅವಳು ನಂಬಿದ್ದು ಅವನಿಗೆ ಕಾಣಿಸಿತು.

ಹೊಸ ವರ್ಷದ ವಾರ ಎಲ್ಮಾಗೂ ಸೋಂಕು ತಗುಲಿತು. ಕಾಯಿಲೆಯವರನ್ನೆಲ್ಲ ಕಟ್ಟಡದ ಹಿಂಭಾಗಕ್ಕೆ ಸಾಗಿಸಿದರು. ಆ ಕಿಟಕಿಗಳು ಕಾಡಿನ ಕಡೆಗಿದ್ದವು. ಅಲ್ಲಿಗೆ ದಾರಿಯಿಲ್ಲ, ಸೊಂಟದವರೆಗೆ ಹಿಮ. ಆರ್ವಿಡ್ ಹಿಮದ ಮೇಲೆ ನಡೆಯುವ ಅಗಲ ಪಾದುಕೆ ಕಟ್ಟಿಕೊಂಡು, ಕೋಲು ಹೆಗಲಿಗೇರಿಸಿ ಹೊರಟ. ಫರ್ ಮರಗಳ ಕೆಳಗೆ ನಿಂತು, ಕೊರಿನ್ ಫೋನಿನಲ್ಲಿ ಹೇಳಿದ ಕಿಟಕಿಯತ್ತ ತಿರುಗಿ ಬೀಸಿದ. ಅಷ್ಟು ದಿನ ಎದೆಯಲ್ಲಿ ಮುಳ್ಳಾಗಿದ್ದದ್ದನ್ನೇ ಬರೆದಿದ್ದ: 'ಸುಳ್ಳು ಹೇಳಿದೆ, ಕ್ಷಮಿಸು.' ಕಿಟಕಿಯ ಬಳಿ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡ ಕೊರಿನ್ ಬಂದು ನಿಂತಳು. ಒಮ್ಮೆ ಒಳಗೆ ನೋಡಿದಳು, ಒಮ್ಮೆ ಹೊರಗೆ ನೋಡಿದಳು, ಎರಡೂ ಕೈ ಚೆಲ್ಲಿದಳು. ಅವನಿಗೆ ಅರ್ಥವಾಗಲಿಲ್ಲ. ಬ್ಯಾಟರಿ ಸೋತು ದೀಪ ಮಂಕಾಗುವ ತನಕ ಬೀಸಿದ. ಅದಾದ ಎರಡನೆಯ ಬೆಳಿಗ್ಗೆ ಎಲ್ಮಾ ತೀರಿಕೊಂಡ ಸುದ್ದಿ ಬಂತು.

ಆ ಸೀಮೆಯಲ್ಲಿ ಚಳಿಗಾಲದಲ್ಲಿ ನೆಲ ಅಗೆಯಲಾಗುವುದಿಲ್ಲ. ಹೆಪ್ಪುಗಟ್ಟಿದ ಮಣ್ಣು ಸಡಿಲವಾಗುವವರೆಗೆ ಶವದ ಪೆಟ್ಟಿಗೆಯನ್ನು ಸ್ಮಶಾನದ ಕಲ್ಲಿನ ಕೋಣೆಯಲ್ಲಿಡುತ್ತಾರೆ. ಆರ್ವಿಡ್ ಭಾನುವಾರ ಭಾನುವಾರ ಅದರ ಬೀಗ ಹಾಕಿದ ಬಾಗಿಲ ತನಕ ಹೋಗಿ ಮುಟ್ಟಿ ಬರುತ್ತಿದ್ದ. ಅಲ್ಲೂ ಒಳಗೆ ಬಿಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ಮಣ್ಣು ಮಾಡಿದರು. ಪಾದ್ರಿ, ಲಿಯೊ, ಬೆರಳೆಣಿಕೆಯ ಹಳೆಯ ಪರಿಚಯದವರು. ಕೊರಿನ್ ಕೂಡ ಬಂದಿದ್ದಳು. ಕಾಫಿ ಕೂಟ ನಡೆಯುವ ಚರ್ಚಿನ ನೆಲಮಾಳಿಗೆ ಇನ್ನೂ ತೆರೆದಿರಲಿಲ್ಲ. ಲಿಯೊನ ಟ್ರಕ್ಕಿನ ಹಿಂಬದಿಯ ಮೇಲೆಯೇ ಕಾಫಿ ಫ್ಲಾಸ್ಕನ್ನೂ ಏಲಕ್ಕಿ ಬ್ರೆಡ್ಡನ್ನೂ ಇಟ್ಟಿದ್ದರು. ಕೊರಿನ್ ಲೋಟ ಹಿಡಿದು ಆರ್ವಿಡ್‌ನ ಪಕ್ಕಕ್ಕೆ ಬಂದಳು.

"ಸರ್, ಒಂದ್ಮಾತು ಕೇಳ್ಬೇಕು. ಆವತ್ತು ಕಾಡಿನ ಕಡೆಯಿಂದ ಏನ್ ಬರೆದ್ರಿ?"

ಆರ್ವಿಡ್ ಅವಳ ಮುಖ ನೋಡಿದ. "ಅವಳು ನೋಡ್ಲಿಲ್ವಾ?"

"ಅವ್ರಿಗೆ ಕಣ್ಣು ಬಿಡೋ ಶಕ್ತಿ ಇರ್ಲಿಲ್ಲ ಸರ್. ಆದ್ರೆ ಕಿವಿ ಹತ್ರ ಬಾಯಿಟ್ಟು ಜೋರಾಗಿ ಹೇಳಿದ್ರೆ ಕೈ ಹಿಚುಕ್ತಿದ್ರು. 'ಆರ್ವಿಡ್ ಬಂದಿದಾರೆ, ಏನೋ ಬರೀತಿದಾರೆ' ಅಂದೆ. ಹಿಚುಕಿದ್ರು. ಏನು ಅಂತ ಹೇಳೋಣ ಅಂದ್ರೆ..." ಅವಳು ಲೋಟವನ್ನು ಟ್ರಕ್ಕಿನ ಮೇಲಿಟ್ಟಳು. "ನಂಗೆ ಓದೋಕೆ ಬರ್ಲಿಲ್ಲ ಸರ್. ಎಷ್ಟು ನೋಡಿದ್ರೂ ಬರ್ಲಿಲ್ಲ."

ಕೋಲನ್ನು ಇನ್ನೊಂದು ಕಡೆಗೆ ಬೀಸಿದ್ದರೆ ಸಾಕಿತ್ತು.

"ನಿಂಗೆ ಓದೋಕೆ ಬರ್ಬಾರ್ದು ಅಂತ್ಲೇ ಹಾಗೆ ಬೀಸ್ತಿದ್ದೆ ಕಣಮ್ಮ" ಎಂದ. "ನಿನ್ ತಪ್ಪೇನಿಲ್ಲ. ಕಾಫಿ ಕುಡಿ, ಆರೋಗತ್ತೆ."

ಏನು ಬರೆದಿದ್ದೆನೆಂದು ಅವಳಿಗೆ ಹೇಳಲಿಲ್ಲ. ಹೇಳಬೇಕಾದವಳಿಗೆ ಮುಟ್ಟದ ಮಾತನ್ನು ಬೇರೆಯವರ ಕಿವಿಗೆ ಹಾಕಲು ಮನಸ್ಸು ಬರಲಿಲ್ಲ.

ಬೇಸಿಗೆಯಲ್ಲಿ ಆರೈಕೆ ಮನೆಯ ಬಾಗಿಲು ಮತ್ತೆ ತೆರೆಯಿತು. ಆರ್ವಿಡ್ ಒಂದು ಮಧ್ಯಾಹ್ನ ಹೋಗಿ, ಆ ಹಿಂಬದಿಯ ಕೋಣೆಯನ್ನು ನೋಡಬಹುದೇ ಎಂದು ಕೇಳಿದ. ಕೊರಿನ್ ಕರೆದೊಯ್ದಳು. ಹಾಸಿಗೆಯಲ್ಲಿ ಯಾರೋ ಮುದುಕ ಮಲಗಿದ್ದ. ಆರ್ವಿಡ್ ಮಂಡಿ ಬಗ್ಗಿಸಿ, ದಿಂಬಿನ ಮಟ್ಟಕ್ಕೆ ತಲೆ ತಂದು ಕಿಟಕಿಯತ್ತ ನೋಡಿದ. ಮರಗಳ ತುದಿ ಕಂಡಿತು, ಸ್ವಲ್ಪ ಆಕಾಶ ಕಂಡಿತು. ತಾನು ನಿಂತಿದ್ದ ಜಾಗ ಅಲ್ಲಿಂದ ಕಾಣುತ್ತಿರಲಿಲ್ಲ.

"ಯಾರಯ್ಯಾ ನೀನು? ಟಿವಿ ರಿಪೇರಿಯೋನಾ?" ಎಂದ ಮುದುಕ.

"ಅಲ್ಲ. ನನ್ ಹೆಂಡ್ತಿ ಈ ಕೋಣೇಲಿದ್ಲು."

"ಓ." ಮುದುಕ ಕುರ್ಚಿಯತ್ತ ಗಲ್ಲ ಚಾಚಿದ. "ಕೂತ್ಕೋ ಹಾಗಾದ್ರೆ. ನನ್ನ ನೋಡೋಕೆ ಯಾರೂ ಬರಲ್ಲ. ಊಟ ತಂದಿಟ್ಟು ಹೋಗಿದಾರೆ, ಈ ಹಾಲಿನ ಡಬ್ಬಿ ಬಾಯಿ ಬಿಡ್ತಿಲ್ಲ ನೋಡು."

ಆರ್ವಿಡ್ ಕುರ್ಚಿ ಎಳೆದುಕೊಂಡು ಕೂತ. ಡಬ್ಬಿಯ ಬಾಯಿ ಬಿಡಿಸಿ, ಹೀರುವ ಕೊಳವೆ ಸಿಕ್ಕಿಸಿ, ಮುದುಕನ ಬಾಯಿಗೆ ಹಿಡಿದ.