ಖೋಖೋ ಪಂಕ್ತಿ

ತ್ಯಾಗರಾಜನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಭಾಗ ಈ ವರ್ಷ ಹುಡುಗಿಯರ ಪಿಜಿ ಆಗಿದೆ. ಬೆಳಿಗ್ಗೆ ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಅವರ ಅಡುಗೆಮನೆಯಿಂದ ಮೊಟ್ಟೆ ಬೇಯುವ ವಾಸನೆ ಮೇಲೇರಿ ಬರುತ್ತದೆ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ ನಾನು. ಮೊದಲ ದಿನ ಕಿಟಕಿ ಹಾಕಲು ಎದ್ದವಳು ಅರ್ಧದಲ್ಲೇ ನಿಂತೆ. ಆ ವಾಸನೆ ನನಗೆ ಹೊಸದಲ್ಲ. ಚಾಮರಾಜಪೇಟೆಯ ನಮ್ಮ ಸರ್ಕಾರಿ ಶಾಲೆಯಲ್ಲಿ ಮೊದಮೊದಲು ಮೂಗು ಮುಚ್ಚಿಕೊಂಡು, ಆಮೇಲೆ ಮರೆತು, ಕೊನೆಗೆ ಅದು ಬರದ ದಿನ ಇವತ್ತೇನಾಯಿತು ಅಂತ ಕೇಳುವಂತಾಗಿದ್ದವಳು ನಾನು. ಕಿಟಕಿಯನ್ನು ಹಾಗೇ ಬಿಟ್ಟೆ. ನಮ್ಮ ಪಿ.ಟಿ. ಮೇಷ್ಟ್ರು ನೆನಪಾದರು...

ನಾನು ಅಲ್ಲಿ ಗಣಿತದ ಟೀಚರು. ಅವರು ದೈಹಿಕ ಶಿಕ್ಷಣದವರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಕೊರಳಲ್ಲಿ ಸದಾ ಸೀಟಿ, ಹೆಗಲ ಮೇಲೊಂದು ಟವೆಲು. ಶಾಲೆಗೆ ಆಟದ ಮೈದಾನ ಇದೆ ಅಂತ ಕಾಗದದಲ್ಲಿ ಬರೆದಿತ್ತು. ನಿಜವಾಗಿ ಇದ್ದದ್ದು ಹಿಂದಿನ ಅಂಗಳ. ಮೂರು ಕಡೆ ಗೋಡೆ, ಮೂಲೆಯಲ್ಲಿ ನೀರಿನ ತೊಟ್ಟಿ, ಒಂದು ಹೊಂಗೆಮರ. ಕ್ರಿಕೆಟ್ ಆಡಿದರೆ ಚೆಂಡು ಪಕ್ಕದ ಬುಕ್ ಬೈಂಡಿಂಗ್ ಅಂಗಡಿಯ ಹೆಂಚಿನ ಮೇಲೆ. ಒಂದು ವರ್ಷ ಸರ್ಕಾರದಿಂದ ಆಟದ ಸಾಮಾನು ಬಂತು. ಅದರಲ್ಲಿದ್ದ ವಾಲಿಬಾಲ್ ನೆಟ್ಟನ್ನು ಅಂಗಳದಲ್ಲಿ ಎಳೆದು ಕಟ್ಟಿದರೆ ಮಕ್ಕಳು ನಿಲ್ಲಲು ಜಾಗವಿರಲಿಲ್ಲ. ಮೇಷ್ಟ್ರು ಅದನ್ನು ಎಲೆ ಬೀಳದ ಹಾಗೆ ನೀರಿನ ತೊಟ್ಟಿಯ ಮೇಲೆ ಹೊದಿಸಿ, ಮಕ್ಕಳನ್ನು ಖೋಖೋಗೆ ಕೂರಿಸಿದರು. ಒಂದು ಕಂಬ ಹೊಂಗೆಮರ, ಇನ್ನೊಂದು ನಲ್ಲಿ ಪೈಪು. ಅವರು ಸೀಟಿ ಊದಿದರೆ ಮೂರೂ ಗೋಡೆಗೆ ಬಡಿದು ನಮ್ಮ ಕ್ಲಾಸಿನೊಳಗೆ ಬರುತ್ತಿತ್ತು. ಆ ಹೊತ್ತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದ ನನ್ನ ಗತಿ ಕೇಳುವುದೇ ಬೇಡ.

ಪರೀಕ್ಷೆ ಹತ್ತಿರ ಬಂದರೆ ಆಟದ ಪೀರಿಯಡ್ಡಿಗೆ ಕೈ ಚಾಚುವುದು ಎಲ್ಲ ಶಾಲೆಗಳ ಪದ್ಧತಿ. ಹಾಗೆ ಮಾಡಬಾರದು, ಮಕ್ಕಳಿಗೆ ದಿನವೂ ಆಟ ಆಡಿಸಲೇಬೇಕು ಅಂತ ಮೇಲಿನಿಂದ ಸುತ್ತೋಲೆ ಬಂದಿತ್ತು. ಮೇಷ್ಟ್ರು ಅದರ ಒಂದು ಪ್ರತಿ ಮಡಚಿ ಅಂಗಿ ಜೇಬಿನಲ್ಲೇ ಇಟ್ಟುಕೊಂಡಿದ್ದರು. ನಾನು ಹೋಗಿ, ಪೋರ್ಷನ್ ಮುಗಿದಿಲ್ಲ, ಇವತ್ತೊಂದು ದಿನ ಬಿಟ್ಟುಕೊಡಿ ಅಂದರೆ ಬಾಯಿ ಬಿಡದೆ ಜೇಬು ತಟ್ಟಿ ತೋರಿಸುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು ನನಗೆ. ಮಾತು ಬಿಟ್ಟ ದಿನಗಳೂ ಉಂಟು. ಅವರು ಮಾತ್ರ ಏನೂ ಆಗದವರಂತೆ ಮರುದಿನ ಬೆಳಿಗ್ಗೆ ನಮಸ್ಕಾರ ಮೇಡಂ ಅನ್ನುತ್ತಿದ್ದರು.

ಆಮೇಲೆ ಮೊಟ್ಟೆ ಬಂತು. ಅನ್ನ ಸಾಂಬಾರು ಹೊರಗಿನ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತಿತ್ತು. ಹಾಲು ಕಾಯಿಸುವುದು, ಮೊಟ್ಟೆ ಬೇಯಿಸುವುದು ಶಾಲೆಯಲ್ಲೇ, ಅಡುಗೆಯ ಅಕ್ಕನ ಕೆಲಸ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ರಗಳೆ ಬೇಡ ಅಂತ ಹೆಡ್ ಮೇಡಂ ಎರಡು ಪಂಕ್ತಿ ಮಾಡಿಸಿದರು. ಇಲ್ಲಿ ಮೊಟ್ಟೆಯವರು, ಅಲ್ಲಿ ಹಣ್ಣಿನವರು. ಸ್ವಲ್ಪ ದಿನದಲ್ಲೇ ಮಕ್ಕಳಿಗೆ ಅದೇ ಹೆಸರಾಯಿತು. ಆಟದಲ್ಲೂ ಹಾಗೇ ಗುಂಪು ಕಟ್ಟತೊಡಗಿದರು. ಬೇರೆ ಏನನ್ನಾದರೂ ಸಹಿಸುತ್ತಿದ್ದ ಮೇಷ್ಟ್ರು ಇದೊಂದನ್ನು ಸಹಿಸಲಿಲ್ಲ. ಮುಂದಿನ ಸಲ ಮೊಟ್ಟೆ ಕೊಟ್ಟಾಗ ಊಟಕ್ಕೆ ಎಲ್ಲರನ್ನೂ ಬೆರೆಸಿ ಕೂರಿಸಿದರು. ಅದರ ಮರುದಿನವೇ ಒಂದು ಹುಡುಗಿಯ ಅಜ್ಜಿ ಬಂದು, ನಮ್ಮ ಮಗು ಪಕ್ಕದ ತಟ್ಟೆಯಲ್ಲಿ ಅದನ್ನ ನೋಡಿಕೊಂಡು ಹೇಗೆ ಉಣ್ಣಬೇಕು ಅಂತ ಕೂಗಾಡಿದರು. ನಿಜ ಹೇಳಬೇಕೆಂದರೆ ನನಗೂ ಅಜ್ಜಿಯ ಮಾತು ಸರಿ ಅನ್ನಿಸಿತ್ತು.

ಮೇಷ್ಟ್ರು ತಲೆ ಕೆರೆದುಕೊಂಡು, ನೋಡದೇ ಇದ್ದರೆ ಆಯಿತಲ್ಲ ಅಮ್ಮ ಅಂದರು. ಆ ಮಧ್ಯಾಹ್ನ ವರಾಂಡದ ಉದ್ದಕ್ಕೂ ಮಕ್ಕಳನ್ನು ಖೋಖೋದಲ್ಲಿ ಕೂರಿಸುವಂತೆ ಕೂರಿಸಿದರು. ಒಬ್ಬರ ಮುಖ ಗೋಡೆಯ ಕಡೆಗೆ, ಪಕ್ಕದವರ ಮುಖ ಅಂಗಳದ ಕಡೆಗೆ, ಮತ್ತೊಬ್ಬರದು ಗೋಡೆಗೆ. ಹೀಗೆ ಕೂತು ಕತ್ತು ತಿರುಗಿಸಿದರೆ ಪಕ್ಕದವರ ಮುಖ ಕಾಣುತ್ತದೆ, ತಟ್ಟೆ ಕಾಣುವುದಿಲ್ಲ. ಅಜ್ಜಿ ಊಟ ಮುಗಿಯುವವರೆಗೂ ನಿಂತು ನೋಡಿ ಹೋದರು. ಸಾಲಿನ ಕೊನೆಗೆ ಮೇಷ್ಟ್ರು ತಾವೂ ತಟ್ಟೆ ಹಿಡಿದು ನೆಲದ ಮೇಲೆ ಕೂತರು. ನನ್ನನ್ನೂ ಕರೆದರು. ಹಣ್ಣಿನವರು ಕಡಿಮೆ ಬಿದ್ದಿದ್ದಾರೆ, ಬನ್ನಿ ಮೇಡಂ ಅಂದರು. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆಯುತ್ತಿದ್ದವಳು ಅವತ್ತಿನಿಂದ ಅವರ ಪಕ್ಕ ಕೂರತೊಡಗಿದೆ. ಅವರ ಮುಖ ಅಂಗಳಕ್ಕೆ, ನನ್ನದು ಗೋಡೆಗೆ.

ಒಮ್ಮೆ ಇಲಾಖೆಯಿಂದ ತಪಾಸಣೆಗೆ ಸಾಹೇಬರೊಬ್ಬರು ಬಂದಿದ್ದರು. ಬಂದದ್ದು ಊಟದ ಹೊತ್ತಿಗೇ. ಈ ಪಂಕ್ತಿಯನ್ನು ನೋಡಿ ಹುಬ್ಬು ಗಂಟಿಕ್ಕಿ ನಿಂತಿದ್ದಾಗ, ನೀರು ಕುಡಿಯಲು ಎದ್ದ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಅಭ್ಯಾಸಬಲದಿಂದ ಒಬ್ಬ ಹುಡುಗನ ಬೆನ್ನು ತಟ್ಟಿ "ಖೋ" ಅಂದುಬಿಟ್ಟಳು. ಅವನು ತಟ್ಟೆಯ ಸಮೇತ ಎದ್ದು ಓಡಿದ. ಸಾಂಬಾರು ಸಾಹೇಬರ ಪ್ಯಾಂಟಿನ ಮೇಲೆ. ಹೆಡ್ ಮೇಡಂ ಬಿಳಿಚಿಕೊಂಡರು. ಮೇಷ್ಟ್ರು ಹೆಗಲ ಟವೆಲು ತೆಗೆದು ಸಾಹೇಬರ ಪ್ಯಾಂಟು ಒರೆಸುತ್ತಾ ಹೇಳಿದರು.

"ಹುಡುಗನ್ದು ತಪ್ಪಿಲ್ಲ ಸಾರ್. ಖೋ ಕೊಟ್ಮೇಲೆ ಏಳ್ಲೇಬೇಕು."

ಸಾಹೇಬರು ಇನ್ನೇನು ಬೈಯುತ್ತಾರೆ ಅಂದುಕೊಂಡೆವು. ಅವರು ನಕ್ಕುಬಿಟ್ಟರು. ಆಮೇಲೆ ಪಂಕ್ತಿಯ ಮಧ್ಯೆ ಜಾಗ ಮಾಡಿಸಿಕೊಂಡು ಕೂತು ಊಟ ಮಾಡಿಯೇ ಹೋದರು.

ಪೌಷ್ಟಿಕ ಆಹಾರದ ಪಾಠ ಮಾಡಿ, ಮೇಜಿನ ಮೇಲೆ ತರಕಾರಿ ಹಣ್ಣು ಜೋಡಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಿ ಅಂತ ಇಲಾಖೆಯಿಂದ ಆಗಾಗ ಸಂದೇಶ ಬರುತ್ತಿತ್ತು. ಬೀದಿಯ ಗಾಡಿಯವನಿಂದ ಎರವಲು ತಂದು, ಫೋಟೋ ತೆಗೆದು, ವಾಪಸ್ಸು ಕೊಡುವುದು ನಮ್ಮ ಕ್ರಮ. ಮೇಷ್ಟ್ರಿಗೆ ಆ ಕೆಲಸ ವಹಿಸಿದ ಸಲ ಫೋಟೋ ಆದ ಕೂಡಲೇ ಅವರು ಚಾಕು ತೆಗೆದರು. ಕ್ಯಾರೆಟ್ಟು, ಸೌತೆಕಾಯಿ, ಸೀಬೆಹಣ್ಣು ಎಲ್ಲ ಹೆಚ್ಚಿ ಉಪ್ಪು ಖಾರ ಹಾಕಿ ಹಂಚಿದರು. ಮಕ್ಕಳಿಗೆ ಬಾಯಲ್ಲಿ ನೀರು ಬರಿಸಿ ವಾಪಸ್ಸು ಕಳಿಸುವುದು ಯಾವ ಸೀಮೆಯ ಪಾಠ ಅಂತ ನಮ್ಮನ್ನೇ ಕೇಳಿದರು. ಗಾಡಿಯವನಿಗೆ ಅವರೇ ದುಡ್ಡು ಕೊಟ್ಟು ತೀರಿಸಿರಬೇಕು.

ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಶಾಲೆಯ ಹಿಂದಿನ ರಸ್ತೆಯ ವಠಾರದಲ್ಲಿ ಒಂದೇ ಕೋಣೆಯ ಮನೆ. ಒಂದು ದಿನ ಊಟದ ನಂತರ ನಲ್ಲಿಯಲ್ಲಿ ತಟ್ಟೆ ತೊಳೆಯುತ್ತಾ, ನಾನೇನೂ ಕೇಳದಿದ್ದರೂ ಹೇಳಿದರು.

"ರಾತ್ರಿ ಹೋಟ್ಲಲ್ಲಿ ನಿಂತ್ಕೊಂಡೇ ತಿಂದ್ಬಿಡ್ತೀನಿ ಮೇಡಂ. ಪಕ್ಕದಲ್ಲಿ ಒಬ್ರು ಕೂತು ಉಣ್ಣೋದು ಅಂದ್ರೆ ನನಗೆ ಈ ಪಂಕ್ತಿ ಒಂದೇ."

ಆಗ ನನ್ನಮ್ಮ ಬದುಕಿದ್ದರು. ಸಂಜೆ ನಾನು ಎಷ್ಟು ತಡವಾಗಿ ಹೋದರೂ ಎರಡು ತಟ್ಟೆ ಹಾಕಿಕೊಂಡು ಕಾಯುತ್ತಿದ್ದರು. ಹಾಗಾಗಿ ಅಯ್ಯೋ ಪಾಪ ಅನ್ನಿಸಿತೇ ಹೊರತು ಮೇಷ್ಟ್ರ ಮಾತು ಒಳಗಿಳಿಯಲಿಲ್ಲ...

ಶಾಲೆಯಲ್ಲಿ ಮಕ್ಕಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದರು. ಮಕ್ಕಳಿದ್ದಷ್ಟೇ ಹುದ್ದೆ ಎನ್ನುವುದು ನಿಯಮ. ಇನ್ನಷ್ಟು ಇಳಿದರೆ ಮೊದಲು ಹೋಗುವುದು ಪಿ.ಟಿ. ಹುದ್ದೆ ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ಮೇಷ್ಟ್ರು ಮಕ್ಕಳನ್ನು ಸೇರಿಸಲು ಮನೆಮನೆ ಹತ್ತಿದರು. ನಾನೂ ಜೊತೆಗೆ ಹೋದೆ. ಎಲ್ಲಿಗೆ ವರ್ಗ ಮಾಡಿದರೂ ಸಂಬಳ ಬರುತ್ತದಲ್ಲ, ಇಷ್ಟೇಕೆ ಬಿಸಿಲಲ್ಲಿ ಅಲೆಯಬೇಕು ಅಂತ ಅವರನ್ನು ಕೇಳಲಿಲ್ಲ. ಅವರು ಉಳಿಸಿಕೊಳ್ಳಲು ಹೊರಟದ್ದು ಏನನ್ನು ಎಂಬುದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಚಾಮರಾಜಪೇಟೆಯ ವಠಾರಗಳು, ನಗರ್ತಪೇಟೆಯ ಗೋಡೌನುಗಳ ಮೇಲಿನ ಮನೆಗಳು, ಒಂದನ್ನೂ ಬಿಡಲಿಲ್ಲ. ಮೊಟ್ಟೆ, ಹಾಲು, ಪುಸ್ತಕ, ಶೂ, ದಿನವೂ ಆಟ ಅಂತ ಮೇಷ್ಟ್ರು ಹೇಳಿಕೊಂಡು ಬರುವರು. ಹೊಲಿಗೆ ಮಷೀನಿನ ಮುಂದೆ ಕೂತ ತಾಯಿಯೊಬ್ಬರು ತಲೆ ಎತ್ತದೆಯೇ ಕೇಳಿದರು: "ಮೊಟ್ಟೆ ನಾವೇ ಕೊಡ್ತೀವಿ ಸಾರ್. ಇಂಗ್ಲಿಷ್ ಕೊಡ್ತೀರಾ?"

ಮೇಷ್ಟ್ರು ನನ್ನ ಕಡೆ ನೋಡಿದರು. ಆ ತಾಯಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೆಲವರು ಸೇರಿದರು. ಸಾಲಲಿಲ್ಲ.

ನಮ್ಮ ಶಾಲೆಯಲ್ಲಿ ಹೆಚ್ಚುವರಿ ಎನ್ನುವ ಮಾತಿಗೆ ಒಂದು ಅರ್ಥವಿತ್ತು. ಬಾರದ ಮಕ್ಕಳ ಪಾಲಿನ ಮೊಟ್ಟೆಗಳು ಉಳಿಯುತ್ತವಲ್ಲ, ಅದು ಹೆಚ್ಚುವರಿ. ಊಟ ಮುಗಿಯುವ ಹೊತ್ತಿಗೆ ಹೆಚ್ಚುವರಿ ಇದ್ಯಾ ಸಾರ್ ಅಂತ ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಕೈಗಳು ಏಳುತ್ತಿದ್ದವು. ಶಾಲೆ ಶುರುವಾದ ಕೆಲವು ದಿನಕ್ಕೆ ಹೆಡ್ ಮೇಡಂ ಸ್ಟಾಫ್ ರೂಮಿಗೆ ಬಂದು, ಫೋನಿನಲ್ಲಿ ಬಂದ ಆದೇಶ ಓದಿದರು. ನಮ್ಮಲ್ಲಿ ಹೆಚ್ಚುವರಿ ಶಿಕ್ಷಕರು ಒಬ್ಬರು, ದೈಹಿಕ ಶಿಕ್ಷಣ ಎಂದಿತ್ತು.

ಮೇಷ್ಟ್ರು ನಗಲು ನೋಡಿದರು. "ಇವತ್ತು ನಾನೇ ಹೆಚ್ಚುವರಿ. ಯಾರಿಗ್ಬೇಕೋ ಕೈ ಎತ್ತಿ" ಅಂದರು. ನಾವ್ಯಾರೂ ನಗಲಿಲ್ಲ. ನಾನು ಕೈ ಎತ್ತಿದ್ದರೆ ಏನೂ ಆಗುತ್ತಿರಲಿಲ್ಲ ನಿಜ. ಆದರೂ ಕೈ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅವರು ವರ್ಗವಾಗಿ ಹೋದ ಮೇಲೂ ಮಕ್ಕಳು ಸ್ವಲ್ಪ ಕಾಲ ಹಾಗೇ ಕೂರುತ್ತಿದ್ದರು. ನನ್ನ ಪಕ್ಕದ ಜಾಗ ಖಾಲಿ. ಆಟದ ಪೀರಿಯಡ್ಡು ಈಗ ಕೇಳದೆಯೇ ನನ್ನ ಪಾಲಿಗೆ ಬಂದಿತ್ತು. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರೆ ಮಕ್ಕಳೆಲ್ಲ ಅಂಗಳದ ಕಡೆಗೇ ನೋಡುತ್ತಿದ್ದರು. ಕೆಲವು ದಿನ ಸೀಮೆಸುಣ್ಣ ಕೆಳಗಿಟ್ಟು, ಹೋಗಿ ಆಡ್ಕೊಳ್ರೋ ಅಂದದ್ದೂ ಉಂಟು. ಸೀಟಿಯಿಲ್ಲದ ಆಟ ಬೇಗ ಜಗಳಕ್ಕೆ ತಿರುಗುತ್ತಿತ್ತು.

ಒಮ್ಮೆ ಅವರ ಹೊಸ ಶಾಲೆಗೆ ಹೋಗಿದ್ದೆ. ಮೆಟ್ರೋ ಇಳಿದು ಎರಡು ಬಸ್ಸು ಬದಲಾಯಿಸಬೇಕು, ಊರು ಮುಗಿದ ಮೇಲೆ ಬರುವ ದೊಡ್ಡ ಹೈಸ್ಕೂಲು. ಗೇಟಿನಿಂದ ನೋಡಿದರೆ ಕಣ್ಣು ಹಾಯುವಷ್ಟು ಮೈದಾನ. ಜೀವಮಾನವಿಡೀ ಅಂಗಳದಲ್ಲಿ ಕಳೆದ ಮನುಷ್ಯನಿಗೆ ಕೊನೆಗಾದರೂ ಸಿಕ್ಕಿತಲ್ಲ ಅಂತ ನನಗೆ ಖುಷಿಯೇ ಆಯಿತು. ಮೇಷ್ಟ್ರು ಸೊರಗಿದ್ದರು. ಅಲ್ಲಿ ಮಕ್ಕಳು ಅವರವರ ಕ್ಲಾಸಿನಲ್ಲೇ ಊಟ ಮಾಡುತ್ತಾರಂತೆ, ಶಿಕ್ಷಕರು ಮನೆಯಿಂದ ಡಬ್ಬಿ ತಂದು ತಮ್ಮ ತಮ್ಮ ಗುಂಪಿನಲ್ಲಿ ಕೂರುತ್ತಾರಂತೆ. ಇವರು ಆಟದ ಸಾಮಾನಿನ ಕೋಣೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡಿದ್ದರು.

"ಗ್ರೌಂಡ್ ಕೊಟ್ರು ಮೇಡಂ, ಪಂಕ್ತಿ ಕಿತ್ಕೊಂಡ್ರು" ಅಂದರು. ಆಮೇಲೆ, ಸೀಟಿ ಊದಿದರೆ ಎಲ್ಲಿಗೆ ಹೋಗುತ್ತದೋ ತಿಳಿಯುವುದೇ ಇಲ್ಲ ಅಂತ ಮೈದಾನದ ಕಡೆ ನೋಡುತ್ತಾ ಹೇಳಿದರು. ಊಟ ಮಾಡಿಕೊಂಡು ಹೋಗಿ ಅಂತ ಒತ್ತಾಯ ಮಾಡಿದರು. ಅಮ್ಮನಿಗೆ ಹುಷಾರಿರಲಿಲ್ಲ, ಇನ್ನೊಂದು ಸಲ ಬರುತ್ತೇನೆ ಅಂದು ಹೊರಟೆ. ಗೇಟಿನವರೆಗೆ ಬಂದು ಬಸ್ಸು ಬರುವವರೆಗೂ ನಿಂತಿದ್ದರು.

ಆ ಇನ್ನೊಂದು ಸಲ ಬರಲೇ ಇಲ್ಲ. ಆ ಚಳಿಗಾಲದಲ್ಲಿ ಮೇಷ್ಟ್ರು ನಿದ್ದೆಯಲ್ಲೇ ಹೋದರಂತೆ. ಅಡುಗೆಯ ಅಕ್ಕ ಫೋನ್ ಮಾಡಿ ಹೇಳುವಷ್ಟರಲ್ಲಿ ಕಾರ್ಯವೆಲ್ಲ ಮುಗಿದಿತ್ತು. ದೂರದ ಅಣ್ಣನ ಮಗ ಯಾರೋ ಬಂದು ಮಾಡಿ ಹೋದರಂತೆ. ಅಮ್ಮನೂ ಮರುವರ್ಷ ಹೋದರು. ನಾನು ನಿವೃತ್ತಳಾದೆ. ನಮ್ಮ ಶಾಲೆಯನ್ನು ಪಕ್ಕದ ಶಾಲೆಯೊಂದಿಗೆ ಸೇರಿಸಿದ್ದಾರೆ. ಒಂದು ಸೇರು ಅಕ್ಕಿ ನನಗೆ ಈಗ ಎಷ್ಟೋ ದಿನ ಬರುತ್ತದೆ. ಮೇಷ್ಟ್ರು ನಲ್ಲಿಯ ಹತ್ತಿರ ಹೇಳಿದ ಮಾತು ಈಗ ಅರ್ಥವಾಗಿದೆ. ಇಷ್ಟು ಚೆನ್ನಾಗಿ ಅರ್ಥವಾಗಬೇಕಿರಲಿಲ್ಲ.

ಹೋದ ವಾರ ಕುಕ್ಕರು ಕೂಗಿಸಿ, ಬಡಿಸಿಕೊಳ್ಳಲು ಮನಸ್ಸಾಗದೆ, ಚಪ್ಪಲಿ ಮೆಟ್ಟಿ ಹೊರಟೆ. ಮೂರು ರಸ್ತೆ ಆಚೆ ಒಂದು ಸರ್ಕಾರಿ ಶಾಲೆಯಿದೆ. ಮಕ್ಕಳ ಗದ್ದಲ, ತಟ್ಟೆಗಳ ಸದ್ದು ಬೀದಿಗೇ ಕೇಳುತ್ತಿತ್ತು. ಗೇಟು ಹಿಡಿದುಕೊಂಡು ನಿಂತೆ. ಹೋಗಿ ಏನಂತ ಹೇಳುವುದು, ನಿಮ್ಮ ಜೊತೆ ಕೂರಲೇ ಅಂತಲೇ? ಕೊರಳಿಗೆ ಸೀಟಿ ಹಾಕಿಕೊಂಡ ಹುಡುಗುಮುಖದ ಮೇಷ್ಟ್ರೊಬ್ಬರು ಕೈ ತೊಳೆದುಕೊಂಡು ಈಚೆ ಬಂದರು. ಒಳ್ಳೆಯ ಹುಡುಗ. ಯಾರನ್ನು ಕರೆಯಬೇಕು ಮೇಡಂ, ಮೊಮ್ಮಕ್ಕಳು ಯಾವ ಕ್ಲಾಸು ಅಂತ ಕೇಳಿದರು. ಯಾರೂ ಇಲ್ಲಪ್ಪ, ಹೀಗೇ ಬಂದೆ ಅಂದೆ. ಅವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಎಲ್ಲರೂ ಎಲ್ಲರನ್ನೂ ಕೇಳುವುದನ್ನೇ ಕೇಳಿದರು.

"ಊಟ ಆಯ್ತಾ ಮೇಡಂ?"

ಆಯ್ತಪ್ಪ ಅಂದೆ. ಆಗಿರಲಿಲ್ಲ.